ಗಡಿಗೆಗೆ ಹೇಳಿದ್ದು

ಆ ಊರಿನಲ್ಲಿ ಗಡಿಗೆಗೆ ಹೇಳಿದ್ದು ಗಡಿಗೆಯದು. ಗಡಿಗೆಯ ಬಾಯಿಗೆ ಬಾಯಿಟ್ಟು ಒಂದು ಮಾತು ಆಡಿದರೆ ಆ ಮಾತು ಒಳಗೆ ಇಳಿಯುತ್ತಿತ್ತು, ಆಡಿದವರ ತಲೆಯಿಂದ ಹೋಗುತ್ತಿತ್ತು. ಯಾಕೆ ಹಾಗೆ ಎಂದು ಯಾರೂ ಕೇಳುತ್ತಿರಲಿಲ್ಲ. ಬೇರೆ ಊರುಗಳಲ್ಲಿ ಕಾಯಿಸಿದರೆ ಹಾಲು ಉಕ್ಕುತ್ತದೆ, ಈ ಊರಿನಲ್ಲಿ ಹೇಳಿದರೆ ಹೋಗುತ್ತದೆ, ಅಷ್ಟೆ. ಅದಕ್ಕೇ ಹಿಂದಿನವರು ಗಡಿಗೆಯನ್ನು ಒಂದೇ ಕೆಲಸಕ್ಕೆ ಇಟ್ಟುಕೊಂಡಿದ್ದರು. ಹೊರಲಾರದ ದುಃಖವನ್ನು ಅದರೊಳಗೆ ಹೇಳಿ, ಬಾಯಿಗೆ ಮಣ್ಣು ಮೆತ್ತಿ, ಹೊಳೆಗೆ ಬಿಡುತ್ತಿದ್ದರು. ತಿಳಿವಳಿಕೆಯನ್ನು ಗಡಿಗೆಗೆ ಹಾಕುವ ಬುದ್ಧಿ ಯಾರಿಗೂ ಬಂದಿರಲಿಲ್ಲ. ಅದಕ್ಕೆ ದೊಡ್ಡವರೇ ಬೇಕಾಯಿತು.

ಊರಿನ ಮುಂದೆ ಕಣಿವೆ. ಕಣಿವೆಯ ತುಂಬ ಯಾವಾಗಲೂ ಮಂಜು. ಆಚೆ ದಡಕ್ಕೆ ಹೋಗಲು ಇದ್ದದ್ದು ಒಂದು ಹಗ್ಗದ ಸೇತುವೆ. ಉಪ್ಪು ಬರುತ್ತಿದ್ದದ್ದು ಅದರ ಮೇಲೆ, ಅಕ್ಕಿ ಬರುತ್ತಿದ್ದದ್ದು ಅದರ ಮೇಲೆ, ಸೂಲಗಿತ್ತಿ ಬರುತ್ತಿದ್ದದ್ದೂ ಅದರ ಮೇಲೆ. ಹಗ್ಗ ಹಳೆಯದಾದಂತೆ ಹೊಸ ಹಗ್ಗ ಬೇಕು. ಹೀಗಾಗಿ ಊರಿಗೆ ಊರೇ ಹಗ್ಗದ ಮನೆಯಲ್ಲಿ ದುಡಿಯುತ್ತಿತ್ತು, ಹಗ್ಗದ ಮನೆಯ ಗಂಜಿ ಕುಡಿಯುತ್ತಿತ್ತು.

ಹಗ್ಗದ ಮನೆ ಎಂದರೆ ಒಂದು ಉದ್ದನೆಯ ಚಪ್ಪರ. ಕಣಿವೆ ಎಷ್ಟು ಅಗಲವೋ ಚಪ್ಪರ ಅಷ್ಟು ಉದ್ದ. ಈ ತುದಿಯಲ್ಲಿ ರಾಟೆ ತಿರುಗಿಸುವವಳು, ಆ ತುದಿಯಲ್ಲಿ ನಾರಿನ ಎಳೆ ಹಿಡಿಯುವವಳು. ಒಬ್ಬಳಿಗೆ ಇನ್ನೊಬ್ಬಳ ಮುಖ ಕಾಣದು, ದನಿ ಮಾತ್ರ ಮುಟ್ಟುತ್ತದೆ. ಈ ಕೆಲಸಕ್ಕೆ ಒಂದೇ ಮನೆಯ ಅತ್ತೆ ಸೊಸೆಯರನ್ನು ಹಾಕುವುದು ರೂಢಿ. ಅಷ್ಟು ದೂರದಿಂದ ಕೂಗಿ ಆಡುವಷ್ಟು ಮಾತು ಬೇರೆ ಯಾರ ನಡುವೆ ಇರುತ್ತದೆ?

ಆ ಕಾಲಕ್ಕೆ ಸೇತುವೆಯ ಹಗ್ಗ ಹೊಸೆಯುತ್ತಿದ್ದದ್ದು ಒಬ್ಬ ಅತ್ತೆ, ಒಬ್ಬ ಸೊಸೆ. ಚಪ್ಪರದ ನಟ್ಟನಡುವೆ, ತೊಲೆಗೆ ಕಟ್ಟಿದ ತೊಟ್ಟಿಲಿನಲ್ಲಿ ಸೊಸೆಯ ಹೆಣ್ಣುಮಗು. ತೊಟ್ಟಿಲಿನಿಂದ ಒಂದು ದಾರ ಹಗ್ಗ ಹಾಯುವ ಮರದ ಬಳೆಗೆ. ಹಗ್ಗ ನಡುಗಿದರೆ ತೊಟ್ಟಿಲು ತೂಗುತ್ತಿತ್ತು. ಬೆಳಗಾದರೆ ಸಾಕು, ಆ ತುದಿಯಿಂದ ಅತ್ತೆ ಶುರು.

"ಏನೇ, ಕೈಗೆ ಗೆದ್ದಲು ಹತ್ತಿದೆಯೇನೇ? ರಾಟೆ ತಿರುಗಿಸ್ತಿದ್ದೀಯೋ ಅದಕ್ಕೆ ಬೆನ್ನು ಕೆರೀತಿದ್ದೀಯೋ?"

"ನೀವು ಎಳೆ ಸರಿಯಾಗಿ ಬಿಟ್ಟರೆ ತಾನೆ ಅತ್ತೆ? ಮಗನನ್ನು ಹಿಡಿದುಕೊಂಡ ಹಾಗೆ ಅದನ್ನೂ ಹಿಡಿದುಕೊಂಡು ಕೂತಿದ್ದೀರಿ."

"ನನ್ನ ಮಗನ ಸುದ್ದಿಗೆ ಬರಬೇಡ. ಮದುವೆಯ ದಿನ ನಿಮ್ಮಪ್ಪ ಹಾಕಿದ ಪಾಯಸ ನೆನೆಸಿಕೋ. ಬೆಲ್ಲ ಇತ್ತೇನೇ ಅದರಲ್ಲಿ? ನೀರು. ಬರೀ ನೀರು."

"ಆ ನೀರನ್ನೇ ಮತ್ತೆ ಮತ್ತೆ ಹಾಕಿಸಿಕೊಂಡು ಕುಡಿದಿರಲ್ಲ. ಬಡಿಸುವವನ ಸೊಂಟ ಬಿದ್ದುಹೋಯ್ತು ಪಾಪ."

ಸೊಸೆ ಎಷ್ಟು ಬೈದರೂ ನೀವು ಎಂದೇ ಬೈಯುತ್ತಿದ್ದಳು. ಅಷ್ಟು ಮರ್ಯಾದೆ ಅವಳ ತವರಿನಲ್ಲಿ ಕಲಿಸಿದ್ದರು. ಅತ್ತೆಯ ದನಿ ಏರಿದಾಗ ಸೊಸೆಯ ಕೈ ಜೋರಾಗುತ್ತಿತ್ತು. ಸೊಸೆಯ ಉತ್ತರ ತಡವಾದಾಗ ಅತ್ತೆ ಎಳೆ ಸಡಿಲ ಬಿಡುತ್ತಿದ್ದಳು. ಇಬ್ಬರಿಗೂ ಅದರ ಮೇಲೆ ಗಮನವಿರಲಿಲ್ಲ. ಗಮನವೆಲ್ಲ ಪಾಯಸದ ಮೇಲೆ. ಪಾಯಸದ ಮಾತು ಮುಗಿಯುವಷ್ಟರಲ್ಲಿ ಹಗ್ಗ ಮುಗಿದಿರುತ್ತಿತ್ತು, ಮಗು ನಿದ್ದೆ ಮಾಡಿರುತ್ತಿತ್ತು. ಮನೆಗೆ ಹೋದ ಮೇಲೆ ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಆಡಬೇಕಾದದ್ದೆಲ್ಲ ಚಪ್ಪರದಲ್ಲೇ ಖರ್ಚಾಗಿರುತ್ತಿತ್ತು.

ಹೀಗಿರುವಾಗ ಹಗ್ಗದ ಮನೆಯ ಒಬ್ಬ ಮುದುಕ ತೀರಿಕೊಂಡ. ಯಾವ ನಾರು ಯಾವ ಹಗ್ಗಕ್ಕೆ, ಅದನ್ನು ಎಷ್ಟು ನೆನೆಹಾಕಬೇಕು ಎಂದು ಮೂಸಿ ಹೇಳುತ್ತಿದ್ದವನು ಅವನು. ಹೆಣದ ಮುಂದೆ ನಿಂತು ಹಗ್ಗದ ಮನೆಯ ಯಜಮಾನ ಹೇಳಿದ: "ಹೋಗುವವನು ಹೋದ. ತಿಳಿದದ್ದನ್ನು ಇಟ್ಟು ಹೋಗಬೇಕು ಅನ್ನುವ ಪರಿಜ್ಞಾನ ಬೇಡವೇ?"

ಮುದುಕ ಬದುಕಿದ್ದಾಗ ಜಗಲಿಯಲ್ಲಿ ಕೂತು ದಿನಾ ಅದನ್ನೇ ಹೇಳುತ್ತಿದ್ದ. ಕೇಳಿ ಕೇಳಿ ಬೇಜಾರಾಗಿ ಜನ ಆ ಜಗಲಿಯನ್ನು ಸುತ್ತುಹಾಕಿ ಹೋಗುತ್ತಿದ್ದರು. ಯಜಮಾನನೂ ಸುತ್ತುಹಾಕಿಯೇ ಹೋಗುತ್ತಿದ್ದ. ಆದರೆ ಸತ್ತವನ ತಿಳಿವಳಿಕೆಗೆ ಇರುವ ಬೆಲೆಯೇ ಬೇರೆ. ಯಜಮಾನ ಆಚೆ ದಡಕ್ಕೆ ಹೇಳಿ ಕಳುಹಿಸಿದ. ಆಚೆ ದಡದಿಂದ, ಹೆಗಲ ಮೇಲೆ ಒಂದು ದೊಡ್ಡ ತಕ್ಕಡಿ ಹೊತ್ತುಕೊಂಡು ತೂಕದವನು ಬಂದ.

ತೂಕದವನ ಅಂಗಿ ಮಾಸುತ್ತಿರಲಿಲ್ಲ. ಏನನ್ನಾದರೂ ಮುಟ್ಟಿದರೆ ತಾನೆ ಮಾಸುವುದು. ಅವನು ಎಲ್ಲರನ್ನೂ ಸೇರಿಸಿ ಹೇಳಿದ: "ನಿಮ್ಮಲ್ಲಿ ಬೆಲೆಯುಳ್ಳ ತಿಳಿವಳಿಕೆ ಇದೆ. ಎಲ್ಲಿದೆ ಅಂತ ನಿಮಗೇ ಗೊತ್ತಿಲ್ಲ. ನಾನು ಹುಡುಕಿ ಕೊಡುತ್ತೇನೆ. ಒಬ್ಬೊಬ್ಬರಾಗಿ ಕೋಣೆಗೆ ಹೋಗಿ, ತಿಳಿದದ್ದನ್ನು ಗಡಿಗೆಗೆ ಹೇಳಿ. ಗಡಿಗೆ ಭಾರವಾದರೆ ತಿಳಿವಳಿಕೆಗೆ ಬೆಲೆ ಇದೆ. ಹಗುರಾದರೆ ಇಲ್ಲ."

ಒಬ್ಬ ಕೇಳಿದ: "ಗಡಿಗೆಗೆ ಹೇಳಿದರೆ ನಮಗೆ ಮರೆತುಹೋಗುತ್ತದಲ್ಲ ಸ್ವಾಮಿ?"

"ಮರೆತರೇನಾಯ್ತು? ಭದ್ರವಾಗಿರುತ್ತದಲ್ಲ," ಎಂದ ತೂಕದವನು.

ಮೊದಲು ಹೋದವನು ಯಜಮಾನ. ಹಗ್ಗದ ಹಿಂದಿನ ಕಾಲ, ಹಗ್ಗದ ಮುಂದಿನ ಕಾಲ, ಹಗ್ಗವೇ ಇಲ್ಲದಿದ್ದರೆ ಹಗ್ಗದ ಗತಿಯೇನು, ಇದನ್ನೆಲ್ಲ ಅವನು ಗಂಟಲು ಒಣಗುವವರೆಗೂ ಹೇಳಿದ. ಬಾಯಿಗೆ ಮಣ್ಣು ಮೆತ್ತಿದರು. ತಕ್ಕಡಿಗೆ ಏರಿಸಿದರು. ತಕ್ಕಡಿ ನೆಲ ಮುಟ್ಟಿತು. ಯಜಮಾನನನ್ನು ಎಲ್ಲಕ್ಕಿಂತ ಎತ್ತರದ ಮಣೆಯ ಮೇಲೆ ಕೂರಿಸಿದರು. ಹೊರಗೆ ಬಂದವನಿಗೆ ಯಾರೋ ಹಗ್ಗ ತೋರಿಸಿದರೆ ಹಾವೆಂದು ಬೆಚ್ಚಿ ಕಾಲೆತ್ತಿದ. ನೆರೆದವರು, ಅಷ್ಟು ದೊಡ್ಡ ತಿಳಿವಳಿಕೆ ಇಳಿಸಿ ಬಂದವರಿಗೆ ಆಯಾಸವಾಗುವುದು ಸಹಜ ಎಂದು ಗಾಳಿ ಬೀಸಿದರು.

ಆಮೇಲೆ ಉಗ್ರಾಣದವನು ಹೋದ. ಬೀಗದ ಕೈ ಎಲ್ಲಿಟ್ಟಿದ್ದೇನೆ ಎಂಬುದನ್ನೇ ತಿರುಗಿಸಿ ಮುರುಗಿಸಿ ಹೇಳಿದ. ಮಣ್ಣು ಮೆತ್ತಿದರು, ತೂಗಿದರು, ಮಣೆಯ ಮೇಲೆ ಕೂರಿಸಿದರು. ಮಾರನೆಯ ದಿನ ಉಗ್ರಾಣದ ಬಾಗಿಲನ್ನು ಒಡೆದು ಅಕ್ಕಿ ತೆಗೆಯಬೇಕಾಯಿತು.

ಜನಕ್ಕೆ ಬೇಗ ಗುಟ್ಟು ತಿಳಿಯಿತು. 'ನಾರು ನೆನೆಹಾಕಬೇಕು' ಎಂದರೆ ಗಡಿಗೆಯಲ್ಲಿ ಒಂದು ಹಿಡಿ ಮಂಡಕ್ಕಿಯ ತೂಕ. 'ನಾರಿನ ನೆನೆಯುವಿಕೆಯ ಬಗ್ಗೆ ನಾವೆಲ್ಲರೂ ಆಳವಾಗಿ ಆಲೋಚಿಸಬೇಕಾದ ಕಾಲ ಈಗ ಬಂದಿದೆ' ಎಂದರೆ ಒರಳುಕಲ್ಲಿನ ತೂಕ. ಅಂದಿನಿಂದ ಊರಿನಲ್ಲಿ ಯಾರೂ ಸಣ್ಣ ಮಾತು ಆಡಲಿಲ್ಲ. ಬಾಯಾರಿದವನು ನೀರು ಕೇಳುವಷ್ಟರಲ್ಲಿ ನಾಲಿಗೆ ಒಣಗುತ್ತಿತ್ತು.

ಸೊಸೆಯ ಗಂಡ ಸೇತುವೆಗೆ ಹಲಗೆ ಬಿಗಿಯುವವನು. ಅವನು ಗಂಟು ಹಾಕುವ ಬಗೆಯನ್ನೆಲ್ಲ ಗಡಿಗೆಗೆ ಹೇಳಿ ಬಂದ. ನಡುಮಟ್ಟದ ತೂಕ, ನಡುಮಟ್ಟದ ಮಣೆ, ಜೊತೆಗೆ ಗಡಿಗೆ ಹೊರುವ ಕೆಲಸ. ಅವತ್ತಿನಿಂದ ಅವನ ಪಂಚೆಯ ಗಂಟನ್ನು ಹೆಂಡತಿಯೇ ಹಾಕಬೇಕಾಯಿತು.

"ನಿಮ್ಮ ಮಗನಿಗೆ ಬಡ್ತಿ ಸಿಕ್ಕಿದೆ ಅತ್ತೆ," ಎಂದಳು ಸೊಸೆ ಚಪ್ಪರದ ಈ ತುದಿಯಿಂದ. "ಇನ್ನು ತೊಟ್ಟಿಲು ಎರಡು ಬೇಕು."

"ಕಟ್ಟಿಕೊಂಡವಳು ನೀನು. ತೂಗು," ಎಂದಳು ಅತ್ತೆ ಆ ತುದಿಯಿಂದ.

ತೂಕದವನು ಚಪ್ಪರದ ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡ. ಅವನ ಹುಬ್ಬು ಗಂಟಾಯಿತು. "ಇಷ್ಟೊಂದು ಮಾತು ಗಾಳಿಗೆ ಹೋಗುತ್ತಿದೆ," ಎಂದ. "ಗಡಿಗೆಗೆ ಬೀಳದ ಮಾತು ಬರೀ ಸದ್ದು." ಇಬ್ಬರನ್ನೂ ಕೋಣೆಗೆ ಕರೆಸಿದ, ಒಬ್ಬೊಬ್ಬರಾಗಿ.

ಸೊಸೆ ಗಡಿಗೆಯ ಮುಂದೆ ಕೂತಳು. ತೂಕದವನು ಕೇಳಿದ: "ರಾಟೆಯನ್ನು ಹೇಗೆ ತಿರುಗಿಸುತ್ತೀ? ಗಡಿಗೆಗೆ ಹೇಳು."

"ಕೈಯಿಂದ."

"ಎಷ್ಟು ಜೋರಾಗಿ?"

"ಅತ್ತೆ ಬೈದಷ್ಟು."

"ಅತ್ತೆಯನ್ನು ಬಿಡು. ನಿನಗೆ ಏನು ಗೊತ್ತು, ಅದನ್ನು ಹೇಳು."

ಸೊಸೆ ಗಡಿಗೆಯೊಳಗೆ ನೋಡಿದಳು. ಅದು ಬೈಯುತ್ತಿರಲಿಲ್ಲ. ಬೈಯದವರ ಹತ್ತಿರ ಅವಳಿಗೆ ಮಾತು ಹುಟ್ಟುತ್ತಿರಲಿಲ್ಲ. "ಏನೂ ತೋಚುತ್ತಿಲ್ಲ ಸ್ವಾಮಿ," ಎಂದು ಎದ್ದಳು. ಆಮೇಲೆ ಅತ್ತೆ ಕೂತಳು. ಎಳೆಯನ್ನು ಯಾವಾಗ ಬಿಡುತ್ತೀ ಎಂದು ಕೇಳಿದರೆ, "ಅವಳು ಸುಮ್ಮನಾದಾಗ" ಎಂದಳು. ಯಾವಾಗ ಹಿಡಿಯುತ್ತೀ ಎಂದರೆ, "ಅವಳು ತಿರುಗಿ ಬೈದಾಗ" ಎಂದಳು. ಗಡಿಗೆಗೆ ಒಂದು ಕೆಮ್ಮು ಮಾತ್ರ ಬಿತ್ತು.

ಎರಡೂ ಗಡಿಗೆಗಳಿಗೆ ಮಣ್ಣು ಮೆತ್ತಿದರು. ತೂಗಿದರು. ತಕ್ಕಡಿ ಅಲ್ಲಾಡಲಿಲ್ಲ.

ಹಗುರ ಗಡಿಗೆಯವರಿಗೆ ಹಗ್ಗದ ಮನೆಯ ಗಂಜಿ ಇಲ್ಲ ಎಂದು ತೂಕದವನು ಮೊದಲೇ ಸಾರಿದ್ದ. ಹೊಸ ಹಗ್ಗ ಎಳೆದ ದಿನ ಅವರು ಸೇತುವೆ ದಾಟಿ ಹೋಗಬೇಕು, ತಿರುಗಿ ಬರುವಂತಿಲ್ಲ. ಈಗ ಇಬ್ಬರದೂ ಹಗುರ. ಯಜಮಾನ ಎತ್ತರದ ಮಣೆಯ ಮೇಲಿಂದ ಯೋಚನೆ ಮಾಡಿದಂತೆ ಮುಖ ಮಾಡಿ, "ಚಿಕ್ಕವಳ ಕೈಯಲ್ಲಿ ಬಲವಿದೆ, ಇರಲಿ. ದೊಡ್ಡವಳು ಹೋಗಲಿ," ಎಂದ. "ಅಲ್ಲಿಯವರೆಗೆ ಇಬ್ಬರೂ ಹಗ್ಗ ಮುಗಿಸಲಿ. ಸದ್ದಿಲ್ಲದೆ."

ಸದ್ದಾಗದಿರಲಿ ಎಂದು ಇಬ್ಬರ ಬಾಯಿಗೂ ಒಂದೊಂದು ಹಿಡಿ ನಾರು ಕೊಟ್ಟರು. ಕಚ್ಚಿಕೊಂಡು ಕೆಲಸ ಮಾಡಬೇಕು.

ಆ ತುದಿಯಲ್ಲಿ ಅತ್ತೆ, ಬಾಯಲ್ಲಿ ನಾರು. ಈ ತುದಿಯಲ್ಲಿ ಸೊಸೆ, ಬಾಯಲ್ಲಿ ನಾರು. ನಡುವೆ ತೊಟ್ಟಿಲಿನಲ್ಲಿ ಮಗು, ಅದೊಂದರ ಬಾಯಿ ತೆರೆದಿತ್ತು. ಮೌನದಲ್ಲಿ ಹಗ್ಗ ನಡುಗಲಿಲ್ಲ, ತೊಟ್ಟಿಲು ತೂಗಲಿಲ್ಲ, ಮಗು ಒಂದೇ ಸಮನೆ ಅತ್ತಿತು. ತೂಕದವನು ಬಂದು ಹಗ್ಗವನ್ನು ನೋಡಿದ. ನುಣುಪಾಗಿತ್ತು, ನೇರವಾಗಿತ್ತು, ಎಣ್ಣೆ ಹಚ್ಚಿ ಬಾಚಿದ ಜಡೆಯ ಹಾಗಿತ್ತು. ಇಂಥ ಹಗ್ಗ ಈ ಮನೆಯಲ್ಲಿ ಆಗಿರಲಿಲ್ಲ ಎಂದು ಎಲ್ಲರೂ ಹೊಗಳಿದರು. ಹೊಗಳಿದವರಲ್ಲಿ ಹಗ್ಗದ ಬಗ್ಗೆ ತಿಳಿದಿದ್ದವರು ಒಬ್ಬರೂ ಉಳಿದಿರಲಿಲ್ಲ.

ಹಗ್ಗ ಮುಗಿದ ಸಂಜೆ ಅತ್ತೆ ತನ್ನ ಎರಡು ಸೀರೆಗಳನ್ನು ಗಂಟು ಕಟ್ಟಿದಳು. ಸೊಸೆ ಬಾಗಿಲಿಗೆ ಒರಗಿ ನಿಂತಿದ್ದಳು.

"ಆಚೆ ದಡದಲ್ಲಿ ನಿಮ್ಮ ಬಾಯಿಗೆ ಯಾರು ಸಿಗ್ತಾರೆ?" ಎಂದಳು.

"ಯಾರೂ ಸಿಗದಿದ್ದರೆ ಗೋಡೆ ಇದೆ."

"ಗೋಡೆ ತಿರುಗಿ ಬೈಯಲ್ಲ."

"ನೀನೇನು ಭಾರೀ ಚೆನ್ನಾಗಿ ಬೈತಿದ್ದೆ ಅಂದ್ಕೊಂಡಿದ್ದೀಯಾ?" ಎಂದಳು ಅತ್ತೆ. ಗಂಟನ್ನು ಬಿಗಿದಳು. ಮತ್ತೆ ಬಿಚ್ಚಿ ಮತ್ತೆ ಕಟ್ಟಿದಳು.

ಸೊಸೆ ಅಲ್ಲಿಂದ ನೇರವಾಗಿ ಯಜಮಾನನ ಹತ್ತಿರ ಹೋದಳು. ಮಗು ಸೊಂಟದ ಮೇಲಿತ್ತು, ಅಳುತ್ತಲೇ ಇತ್ತು.

"ಯಜಮಾನರೇ, ಹೊಸ ಹಗ್ಗ ಸರಿಯಿಲ್ಲ."

"ಏನು ಸರಿಯಿಲ್ಲ?"

"ಅದು ಗೊತ್ತಿಲ್ಲ. ಕೈಗೆ ಸತ್ತ ಹಾಗಿದೆ."

ಯಜಮಾನ ಗೋಡೆಯ ಕಡೆ ಕೈ ತೋರಿಸಿದ. ಹಲಗೆಗಳ ಮೇಲೆ ಸಾಲು ಸಾಲು ಗಡಿಗೆಗಳು, ಬಾಯಲ್ಲಿ ಒಣಗಿದ ಮಣ್ಣು. "ಹಗ್ಗದ ವಿಷಯವೆಲ್ಲ ಅದರಲ್ಲಿದೆ. ಸರಿಯಿದೆಯೋ ಇಲ್ಲವೋ ಅನ್ನೋದೂ ಅದರಲ್ಲೇ ಇರಬೇಕು."

"ಹಾಗಾದರೆ ತೆಗೆದು ನೋಡಿ."

"ತೆಗೆದರೆ ತೂಕ ಕಡಿಮೆಯಾಗುತ್ತದೆ," ಎಂದ ಯಜಮಾನ. ಅವಳ ದಡ್ಡತನಕ್ಕೆ ಅವನಿಗೆ ಮರುಕವೇ ಬಂತು.

ಬೆಳಗ್ಗೆ ಹಳೆಯ ಹಗ್ಗ ಇಳಿಸಿ ಹೊಸ ಹಗ್ಗ ಎಳೆದರು. ಸೇತುವೆಯ ಬುಡದಲ್ಲಿ ಒಂದು ದೊಡ್ಡ ರಾಟೆ ಇತ್ತು, ಹಗ್ಗದ ತುದಿ ಅದಕ್ಕೆ ಸುತ್ತಿತ್ತು. ಹಗ್ಗದ ಹುರಿ ಬಿಚ್ಚಿಕೊಂಡರೆ ಅದನ್ನು ತಿರುಗಿಸಿ ಬಿಗಿಮಾಡಬೇಕು. ಕಡಿಮೆ ತಿರುಗಿಸಿದರೆ ಹಗ್ಗ ಜೋತುಬೀಳುತ್ತದೆ, ಹೆಚ್ಚು ತಿರುಗಿಸಿದರೆ ಕಡಿಯುತ್ತದೆ. ಆ ರಾಟೆಗೆ ಸೊಸೆಯನ್ನು ನಿಲ್ಲಿಸಿದರು, ಬಾಯಲ್ಲಿ ನಾರು. ತೊಟ್ಟಿಲನ್ನು ಪಕ್ಕದ ಕಂಬಕ್ಕೆ ಕಟ್ಟಿದರು. ಮಣೆಗಳನ್ನು ತಂದು ಸಾಲಾಗಿ ಇಟ್ಟು ದೊಡ್ಡವರನ್ನು ಎತ್ತರದ ಪ್ರಕಾರ ಕೂರಿಸಿದರು. ಹೊಸ ಹಗ್ಗದ ಮೇಲೆ ಮೊದಲು ನಡೆಯಬೇಕಾದವಳು ಅತ್ತೆ. ಸೊಂಟದಲ್ಲಿ ಅವಳ ಹಗುರ ಗಡಿಗೆ, ತಲೆಯ ಮೇಲೆ ಸೀರೆಯ ಗಂಟು, ಬಾಯಲ್ಲಿ ನಾರು.

ಅವಳು ಸೊಸೆಯ ಕಡೆ ನೋಡಲಿಲ್ಲ. ಮಗುವಿನ ಕಡೆ ನೋಡಿದಳು. ಆಮೇಲೆ ಮಂಜಿನೊಳಗೆ ಹೋದಳು.

ಸ್ವಲ್ಪ ಹೊತ್ತಿಗೆ ಸೊಸೆಯ ಅಂಗೈ ಕೆಳಗೆ ಹಗ್ಗ ಹೊರಳಿತು. ನಿದ್ದೆಯಲ್ಲಿ ಮಗ್ಗುಲಾಗುವ ಮಗುವಿನಂತೆ ಹೊರಳಿತು. ಮತ್ತೆ ಹೊರಳಿತು. ನುಣುಪಾದ ಎಳೆಗಳು ಒಂದನ್ನೊಂದು ಬಿಟ್ಟು ಬೇರೆಯಾಗತೊಡಗಿದವು. ಒಂದಕ್ಕೊಂದು ಎಂದೂ ಸಿಟ್ಟಿನಿಂದ ತಬ್ಬಿಕೊಂಡಿರಲಿಲ್ಲ ಅವು. ರಾಟೆ ತಿರುಗಿಸಬೇಕು. ಎಷ್ಟು? ಮಂಜಿನಲ್ಲಿ ಏನೂ ಕಾಣದು. ಸೊಸೆ ಮಣೆಗಳ ಕಡೆ ತಿರುಗಿದಳು. ಯಜಮಾನ ಉಗ್ರಾಣದವನನ್ನು ನೋಡಿದ. ಉಗ್ರಾಣದವನು ಗಡಿಗೆಗಳಿದ್ದ ಮನೆಯ ಕಡೆ ನೋಡಿದ. ತೂಕದವನು ತಕ್ಕಡಿ ನೋಡಿದ. ಅವಳ ಗಂಡ ತನ್ನ ಪಂಚೆ ನೋಡಿಕೊಂಡ.

ಸೊಸೆ ಬಾಯಿಂದ ನಾರನ್ನು ಉಗುಳಿದಳು.

"ಅತ್ತೆ," ಎಂದು ಕೂಗಿದಳು. "ನಡೀತಿದ್ದೀರೋ ಅಲ್ಲೇ ಕೂತು ಎಲೆ ಅಡಿಕೆ ಹಾಕ್ತಿದ್ದೀರೋ? ಕಳುಹಿಸಿಕೊಡೋಕೆ ನಿಂತು ನಿಂತು ನನ್ನ ಕಾಲು ಹೋಯ್ತು."

ಮಂಜಿನಿಂದ ಏನೂ ಬರಲಿಲ್ಲ. ಹಗ್ಗ ಇನ್ನೊಮ್ಮೆ ಹೊರಳಿತು.

"ಹೋಗಿ ಹೋಗಿ. ನಿಮ್ಮ ಒರಳು ನನಗೆ, ನಿಮ್ಮ ಒಲೆ ನನಗೆ. ನಿಮ್ಮ ಉಪ್ಪಿನಕಾಯಿ ಜಾಡಿಯನ್ನು ನಾಳೆಯೇ ಹಿತ್ತಲಿಗೆ ಎಸೀತೀನಿ."

ಮಂಜಿನೊಳಗೆ ಯಾರೋ ಏನನ್ನೋ ಉಗುಳಿದ ಸದ್ದಾಯಿತು.

"ಜಾಡಿ ಮುಟ್ಟಿದರೆ ಕೈ ಮುರೀತೀನಿ. ಅದರ ಉಪ್ಪಿನ ಅಳತೆ ಗೊತ್ತೇನೇ ನಿನಗೆ?" ದನಿ ಮೇಲೇರಿತ್ತು. ಹಗ್ಗ ಸಡಿಲವಿದೆ. ಸೊಸೆ ರಾಟೆಯನ್ನು ಜೋರಾಗಿ ತಿರುಗಿಸಿದಳು.

"ನಿಮಗೆ ಗೊತ್ತಿದ್ದರೆ ತಾನೆ? ಮೊನ್ನೆಯ ಸಾರು ಕಡಲಿನ ಹಾಗಿತ್ತು."

"ನಿಮ್ಮಪ್ಪನ ಪಾಯಸಕ್ಕಿಂತ ವಾಸಿ. ನೀರು. ಬರೀ ನೀರು." ಈ ಸಲ ದನಿ ಹಲ್ಲು ಕಚ್ಚಿಕೊಂಡಿತ್ತು. ಹಗ್ಗ ಬಿಗಿಯಾಗಿದೆ. ಸೊಸೆ ಕೈ ನಿಲ್ಲಿಸಿದಳು.

"ಆ ನೀರನ್ನೇ ಹಾಕಿಸಿಕೊಂಡು ಹಾಕಿಸಿಕೊಂಡು ಕುಡಿದಿರಿ."

"ಕುಡಿದೆ. ಕುಡಿದು ನಿನ್ನನ್ನು ಕರ್ಕೊಂಡು ಬಂದೆ. ಆ ಹೊಟ್ಟೆನೋವು ಇವತ್ತಿಗೂ ಇಳಿದಿಲ್ಲ."

ಬೈಗುಳ ಹೋಯಿತು, ಬೈಗುಳ ಬಂತು. ರಾಟೆ ತಿರುಗಿತು, ನಿಂತಿತು, ತಿರುಗಿತು. ಎಳೆಗಳು ಒಂದರ ಮೇಲೊಂದು ಬಿದ್ದು ಕಚ್ಚಿಕೊಂಡವು. ಹಗ್ಗ ನಡುಗಿತು, ಕಂಬ ನಡುಗಿತು, ಕಂಬದ ತೊಟ್ಟಿಲು ತೂಗಿತು. ಎಷ್ಟೋ ದಿನಗಳಿಂದ ಅಳುತ್ತಿದ್ದ ಮಗು ಪಾಯಸದ ಮಾತು ಇನ್ನೊಂದು ಸುತ್ತು ಬರುವಷ್ಟರಲ್ಲಿ ಬಾಯಿ ಮುಚ್ಚಿ ನಿದ್ದೆಹೋಯಿತು. ಮಂಜಿನಿಂದ ಅತ್ತೆ ಹಿಮ್ಮುಖವಾಗಿ, ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು, ಹೆಜ್ಜೆಹೆಜ್ಜೆಗೂ ಬೈಯುತ್ತ ಈಚೆ ಬಂದಳು. ತಲೆಯ ಮೇಲೆ ಗಂಟಿರಲಿಲ್ಲ, ಸೊಂಟದಲ್ಲಿ ಗಡಿಗೆ ಇರಲಿಲ್ಲ.

"ನನ್ನ ಸೀರೆ ಹೋದವು," ಎಂದಳು. "ನಿನ್ನಿಂದ."

ತೂಕದವನು ಎದ್ದು ನಿಂತಿದ್ದ. ಅವನ ಕಣ್ಣು ಹೊಳೆಯುತ್ತಿತ್ತು. "ಸಿಕ್ಕಿತು," ಎಂದ. "ಇಷ್ಟು ದಿನ ಹುಡುಕಿದ್ದು ಇದು. ಬೆಲೆಯುಳ್ಳ ತಿಳಿವಳಿಕೆ ಇವಳ ಹತ್ತಿರವೂ ಇಲ್ಲ, ಅವಳ ಹತ್ತಿರವೂ ಇಲ್ಲ. ನಡುವೆ ಇದೆ. ಇಬ್ಬರನ್ನೂ ಕೂಡಿಸಿ ಗಡಿಗೆ ಇಡಬೇಕಿತ್ತು."

ನಿಜ ಹೇಳಬೇಕೆಂದರೆ ಅವನು ಸರಿಯಾಗಿಯೇ ಕಂಡುಹಿಡಿದಿದ್ದ. ಅದೇ ಈಗ ಕಷ್ಟವಾದದ್ದು. ಹಗುರ ಎಂದುಕೊಂಡಾಗ ಒಬ್ಬಳನ್ನು ಮಾತ್ರ ಕಳೆದುಕೊಳ್ಳಬೇಕಾಗಿತ್ತು.

ಮದುವೆಮನೆಯಲ್ಲಿ ನೀರು ತುಂಬುವಂಥ ದೊಡ್ಡ ಹರವಿಯನ್ನು ತರಿಸಿ ಚಪ್ಪರದ ನಡುವೆ ತೊಟ್ಟಿಲಿನ ಪಕ್ಕ ಇರಿಸಿದರು. ಅತ್ತೆಯನ್ನು ಒಂದು ಕಡೆ, ಸೊಸೆಯನ್ನು ಒಂದು ಕಡೆ ಕೂರಿಸಿದರು. ತೂಕದವನು ನಡುವೆ ಕೂತ, ಪಿಸುಮಾತಿಗೂ ಜಾಗ ಬಿಡದೆ.

"ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಏನೇನು ಹೇಳುವುದಿದೆಯೋ ಎಲ್ಲ ಇದರೊಳಗೆ ಹೇಳಿ. ಉಳಿಸಿಕೊಳ್ಳಬೇಡಿ. ಹರವಿ ಭಾರವಾದರೆ ದೊಡ್ಡವಳು ಇಲ್ಲೇ ಇರಬಹುದು. ಹಗುರವಾದರೆ ಈ ಸಲ ಇಬ್ಬರೂ ಸೇತುವೆ ದಾಟಬೇಕು."

ಸೊಸೆ ಹರವಿಯ ಬಾಯಿ ನೋಡಿದಳು. ಹರವಿಗೆ ಬೈಗುಳ ಹೇಳಿದರೆ ಬೈಗುಳ ಹೋಗುತ್ತದೆ. ಬೈಗುಳ ಹೋದರೆ ಹಗ್ಗ ಹೋಗುತ್ತದೆ, ತೊಟ್ಟಿಲು ನಿಲ್ಲುತ್ತದೆ. ಹೇಳದಿದ್ದರೆ ಅತ್ತೆ ಹೋಗುತ್ತಾಳೆ, ತಾನೂ ಹೋಗುತ್ತಾಳೆ. ಅವಳು ಮಗುವಿನ ಮುಖ ನೋಡಿದಳು. ಹರವಿಯ ಕಡೆ ಬಗ್ಗಿದಳು.

"ಅತ್ತೆ, ನಿಮ್ಮ ಮೊಣಕಾಲು ನೋವು ಹೇಗಿದೆ?"

ಅತ್ತೆ ಕಾದ ನೀರು ಎರಚಿದಂತೆ ಬೆಚ್ಚಿದಳು. ಇಂಥ ಮಾತನ್ನು ಅವಳು ಸೊಸೆಯ ಬಾಯಲ್ಲಿ ಕೇಳಿರಲಿಲ್ಲ. ಹರವಿ ನೋಡಿದಳು. ಸೊಸೆಯನ್ನು ನೋಡಿದಳು. ಚಪ್ಪರದ ಎರಡು ತುದಿಯಿಂದ ಮುಖ ಕಾಣದೆ ಇಷ್ಟು ಕಾಲ ಹಗ್ಗ ಹೊಸೆದವರು ಅವರು. ಮುಖ ಕಂಡರೆ ತಿಳಿಯದೆ ಇರುತ್ತದೆಯೇ?

"ಪರವಾಗಿಲ್ಲ ಮಗಳೇ," ಎಂದಳು ಅತ್ತೆ ನಿಧಾನವಾಗಿ. ಮಾತು ಒಳಗೆ ಇಳಿಯಿತು. "ನಿನ್ನ ಊಟ ಆಯ್ತಾ?"

"ಆಯ್ತು ಅತ್ತೆ. ನಿಮ್ಮದು?"

ಹರವಿ ಸ್ವಲ್ಪ ನೆಲಕ್ಕೆ ಒತ್ತಿತು. ತೂಕದವನು ತಲೆಯಾಡಿಸಿದ.

"ನೀನು ಹೆರಿಗೆ ನೋವು ತಿನ್ನುವಾಗ ನಾನು ಹಸುವಿಗೆ ಹುಲ್ಲು ಹಾಕೋಕೆ ಹೋಗಿದ್ದೆ ಅಂದೆನಲ್ಲ. ಹುಲ್ಲು ಹಾಕಲಿಲ್ಲ. ಹಸುವಿನ ಕುತ್ತಿಗೆ ಹಿಡ್ಕೊಂಡು ಅತ್ತುಬಿಟ್ಟೆ."

"ನೀವು ಮಾಡುವ ಹುರುಳಿ ಸಾರು ನನ್ನ ಅವ್ವ ಮಾಡುವುದಕ್ಕಿಂತ ರುಚಿ. ಅವ್ವನಿಗೆ ಹೇಳಬೇಡಿ."

"ನನ್ನ ಮಗ ಬರೀ ಪೆದ್ದ. ನೀನು ಬಂದ ಮೇಲೆ ನನಗೆ ಮನೆಯಲ್ಲಿ ಮನುಷ್ಯರು ಇದ್ದಾರೆ ಅನ್ನಿಸ್ತು."

"ಮಂಜಿನಿಂದ ನಿಮ್ಮ ದನಿ ಬರುವವರೆಗೆ ನನಗೆ ಉಸಿರು ಇರಲಿಲ್ಲ ಅತ್ತೆ."

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಹರವಿಯ ಅಂಚನ್ನು ಎರಡೂ ಕೈಯಿಂದ ಹಿಡಿದು ಬಗ್ಗಿದಳು.

"ನಿಮ್ಮಪ್ಪನ ಪಾಯಸ ಚೆನ್ನಾಗಿತ್ತು ಕಣೇ."

"ಗೊತ್ತು ಅತ್ತೆ," ಎಂದಳು ಸೊಸೆ.

ಅದೇ ಕೊನೆಯದು. ಮಣ್ಣು ಮೆತ್ತಿದರು. ಹರವಿಯನ್ನು ಎತ್ತಲು ಹೋದವರ ನಡು ಹಿಡಿಯಿತು. ತಕ್ಕಡಿಗೆ ಏರಿಸಿದರೆ ತಕ್ಕಡಿಯ ಕೋಲು ಬಾಗಿ ಉಳಿಯಿತು, ಮತ್ತೆ ನೇರವಾಗಲೇ ಇಲ್ಲ. ಯಜಮಾನನ ಗಡಿಗೆಯನ್ನೂ ಉಗ್ರಾಣದವನ ಗಡಿಗೆಯನ್ನೂ ಉಳಿದೆಲ್ಲ ಗಡಿಗೆಗಳನ್ನೂ ಇನ್ನೊಂದು ತಟ್ಟೆಗೆ ಒಟ್ಟಿ ನೋಡಿದರೂ ಅದು ಮೇಲೆ ಏಳಲಿಲ್ಲ. ತೂಕದವನಿಗೆ ಬಹಳ ಸಂತೋಷವಾಯಿತು. ಇಂಥ ಜಗಳವನ್ನು ತಾನು ಎಲ್ಲೂ ಕೇಳಿರಲಿಲ್ಲ ಎಂದ.

ಅತ್ತೆಗೆ ಎತ್ತರದ ಮಣೆ ಕೊಡಲು ಬಂದರು. ಅವಳು ಅದನ್ನು ಒಲೆಗೆ ಒಡೆದುಕೊಡಿ ಎಂದಳು.

ತೂಕದವನು ಹರವಿಯನ್ನೂ ಎಲ್ಲ ಗಡಿಗೆಗಳನ್ನೂ ಹೊರಿಸಿಕೊಂಡು ಸೇತುವೆ ದಾಟಿ ಹೋದ. ಹಗ್ಗ ಅವನನ್ನು ಬೀಳಿಸಲಿಲ್ಲ. ಅಷ್ಟು ಭಾರಕ್ಕೂ ಗಟ್ಟಿಯಾಗಿತ್ತು ಅದು, ಬೈದು ಬೈದು ಬಿಗಿಮಾಡಿದ್ದಲ್ಲವೇ. ಆಚೆ ದಡದಲ್ಲಿ ಅವನು ಆ ಹರವಿಯನ್ನು ಊರೂರಿಗೆ ಒಯ್ದು, ಹಗ್ಗ ಹೊಸೆಯುವ ಗುಟ್ಟೆಲ್ಲ ಇದರಲ್ಲಿದೆ ಎಂದು ತೋರಿಸುತ್ತಾನಂತೆ. ಬಾಯಿಯ ಮಣ್ಣು ಮಾತ್ರ ತೆಗೆಯುವುದಿಲ್ಲ. ತೆಗೆದರೆ ತೂಕ ಕಡಿಮೆಯಾಗುತ್ತದೆ.

ಈಚೆ ದಡದಲ್ಲಿ ದೊಡ್ಡವರು ಇಂದಿಗೂ ಮಣೆಗಳ ಮೇಲೆ ಕೂತಿದ್ದಾರೆ. ಮಣೆಯಿಂದ ಏಳುವುದು ಹೇಗೆ ಎಂಬುದನ್ನೂ ಅವರು ಗಡಿಗೆಗೇ ಹೇಳಿಬಿಟ್ಟಿದ್ದರು. ಹೊತ್ತು ಹೊತ್ತಿಗೆ ಯಾರಾದರೂ ಗಂಜಿ ಕುಡಿಸುತ್ತಾರೆ.

ಚಪ್ಪರದಲ್ಲಿ ಹಗ್ಗ ಸಾಗಿದೆ. ಬಾಯಲ್ಲಿ ನಾರಿಲ್ಲ. ಪಾಯಸದ ಮಾತು ಮೊದಲಿನಂತೆಯೇ ಹೋಗಿ ಬರುತ್ತದೆ, ಒಂದೇ ವ್ಯತ್ಯಾಸ. ಆ ಪಾಯಸ ಬರೀ ನೀರಾಗಿತ್ತು ಎಂದು ಅತ್ತೆ ಈಗ ನಿಜವಾಗಿಯೂ ನಂಬಿದ್ದಾಳೆ. ಸೊಸೆಗೂ ಈಗ ಅದು ನಿಜವಾಗಿಯೂ ಉರಿಯುತ್ತದೆ.

ಒಮ್ಮೆ ಸೊಸೆಗೆ ಜ್ವರ ಬಂತು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅತ್ತೆ ಗಂಜಿಯ ಬಟ್ಟಲು ಹಿಡಿದು ಹೊಸಿಲಲ್ಲಿ ನಿಂತಳು. ಏನೋ ಕೇಳಬೇಕೆನ್ನಿಸಿತು. ಒಂದು ಮಾತಿತ್ತು ಅದಕ್ಕೆ, ಸಣ್ಣ ಮಾತು, ಎಲ್ಲ ಮನೆಗಳಲ್ಲೂ ಕೇಳುವಂಥದ್ದು. ಬಾಯಿ ತೆರೆದಳು. ಅಲ್ಲಿ ಅದು ಇರಲಿಲ್ಲ. ಬಹಳ ಹೊತ್ತು ಹಾಗೇ ಬಾಯಿ ತೆರೆದುಕೊಂಡು ಹುಡುಕಿದಳು. ಗಂಜಿಯ ಹಬೆ ಅವಳ ಮುಖಕ್ಕೆ ಬಡಿಯುತ್ತಿತ್ತು.

ಕೊನೆಗೆ, "ಏನು, ಸತ್ತ ಹಾಗೆ ಬಿದ್ದಿದ್ದೀಯಾ? ಏಳೇ," ಎಂದು ಬಟ್ಟಲನ್ನು ನೆಲಕ್ಕೆ ಕುಕ್ಕಿದಳು.

ಸೊಸೆ ಎದ್ದು ಕೂತಳು. ಒಂದು ಗುಟುಕು ಕುಡಿದಳು.

"ಉಪ್ಪಿಲ್ಲ," ಎಂದಳು. ಪೂರ್ತಿ ಕುಡಿದಳು.